ದೂರದ ಬಯಲಿನ ಕಿಂಗ್ಸೇಲ್



ಮೈಕಿನ ಮುಂದೆ ಕೂರುವ ನಮ್ಮಂಥವರಿಗೆ ಒಂದು ಅಳುಕು ಸದಾ ಇರುತ್ತದೆ. ಬರೆಯುವವರು ತಪ್ಪಾದರೆ ಹೊಡೆದುಹಾಕಿ ಮತ್ತೆ ಬರೆಯಬಹುದು. ಗಾಳಿಗೆ ಬಿಟ್ಟ ಮಾತು ಮಾತ್ರ ಹೋಯಿತು ಅಂದರೆ ಹೋಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ಹಳೆಯ ಚಿತ್ರಗೀತೆಯೊಂದಕ್ಕೆ ಬೇರೆ ಯಾವುದೋ ಚಿತ್ರದ ಹೆಸರು ಹೇಳಿಬಿಟ್ಟೆ. ಹಾಡು ಮುಗಿಯುವ ಮೊದಲೇ ಡೊಂಬಿವಲಿಯಿಂದ ಹಿರಿಯರೊಬ್ಬರ ಫೋನು: "ಏನವ್ವಾ ತಂಗಿ, ಹಾಡು ಯಾವ ಪಿಚ್ಚರಿಂದು ಅನ್ನೋದೂ ಗೊತ್ತಿಲ್ಲೇನು?" ಕಿವಿ ಕೆಂಪಾಯಿತು. ಆದರೆ ಎರಡೇ ನಿಮಿಷದಲ್ಲಿ ಮುಂದಿನ ಹಾಡನ್ನು ಪರಿಚಯಿಸಬೇಕಿತ್ತು, ಅದೂ ನಗುನಗುತ್ತಾ! ಆ ಎರಡು ನಿಮಿಷ ನನಗಿನ್ನೂ ನೆನಪಿದೆ.

ಈ ಸಲ ನಿಮಗೆ ಹೇಳಹೊರಟಿರುವುದು ಅಂಥದೇ ಎರಡು ನಿಮಿಷವನ್ನು ಸಾವಿರಾರು ಜನರ ಎದುರು ದಾಟಿದ ಒಬ್ಬ ಆಟಗಾರನ ಕಥೆ. ಆತನ ಹೆಸರು ಯೂಜಿನ್ ಕಿಂಗ್ಸೇಲ್. ಆಟ ಬೇಸ್‌ಬಾಲ್. ದೇಶ ನೆದರ್ಲೆಂಡ್ಸ್.

"ನೆದರ್ಲೆಂಡ್ಸ್ ಅಂದರೆ ಫುಟ್‌ಬಾಲ್, ಹಾಕಿ. ಅಲ್ಲೆಲ್ಲಿ ಬೇಸ್‌ಬಾಲ್?" ಎಂದು ನೀವು ಕೇಳಬಹುದು. ಆದರೆ ಅಲ್ಲಿ ಈ ಆಟಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಆಮ್‌ಸ್ಟರ್‌ಡ್ಯಾಮಿನ ಇಂಗ್ಲಿಷ್ ಮೇಷ್ಟ್ರು ಗ್ರಾಸೆ ಎಂಬುವರು ಅಮೆರಿಕಕ್ಕೆ ಹೋಗಿದ್ದಾಗ ಈ ಆಟ ನೋಡಿ ಮರುಳಾಗಿ ಅದನ್ನು ತಮ್ಮೂರಿಗೆ ತಂದರು. 1912ರಲ್ಲಿ ಸಂಘ ಹುಟ್ಟಿತು, 1922ರಲ್ಲಿ ಲೀಗ್ ಶುರುವಾಯಿತು. 1961ರಿಂದ ಹಾರ್ಲೆಮ್ ಪಟ್ಟಣದಲ್ಲಿ ಬೇಸ್‌ಬಾಲ್ ವಾರ ಎಂಬ ಪಂದ್ಯಾವಳಿ ಆರಂಭವಾಗಿ ಬೇರೆ ಬೇರೆ ದೇಶಗಳ ತಂಡಗಳು ಅಲ್ಲಿಗೆ ಬರತೊಡಗಿದವು. ಡಚ್ಚರು ಈ ಆಟವನ್ನು 'ಹಾಂಕ್‌ಬಲ್' ಎನ್ನುತ್ತಾರೆ. ಬ್ಯಾಟುಗಾರ ಓಡಿ ಮುಟ್ಟಬೇಕಾದ ನೆಲೆಗೆ ಅವರ ಭಾಷೆಯಲ್ಲಿ 'ಹಾಂಕ್' ಎಂದು ಹೆಸರು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೈದಾನದ ಒಂದು ಮೂಲೆಯಲ್ಲಿ ಬ್ಯಾಟುಗಾರ ನಿಲ್ಲುತ್ತಾನೆ. ಚೆಂಡು ಹೊಡೆದು ಮೂರು ನೆಲೆಗಳನ್ನು ಒಂದೊಂದಾಗಿ ಮುಟ್ಟಿ ಹೊರಟಲ್ಲಿಗೇ ವಾಪಸಾದರೆ ಒಂದು ರನ್. ಕ್ರಿಕೆಟ್ಟಿನ ಹಾಗೆ ಇಲ್ಲಿ ರನ್ನಿನ ಮಳೆ ಸುರಿಯುವುದಿಲ್ಲ. ಇಡೀ ಪಂದ್ಯ ಒಂದು, ಎರಡು ರನ್ನಿನಲ್ಲಿ ಮುಗಿಯುವುದುಂಟು. ನೆಲೆಗಳ ಆಚೆ, ಬಹಳ ದೂರದಲ್ಲಿ ಮೂವರು ಕ್ಷೇತ್ರರಕ್ಷಕರು ನಿಂತಿರುತ್ತಾರೆ. ಇವರಿಗೆ ಡಚ್ ಭಾಷೆಯಲ್ಲಿ ಇರುವ ಒಂದು ಹೆಸರನ್ನು ಕನ್ನಡಕ್ಕೆ ತಂದರೆ 'ದೂರದ ಬಯಲಿನವರು' ಎಂದಾಗುತ್ತದೆ. ಎಷ್ಟೋ ಹೊತ್ತು ಇವರ ಕಡೆಗೆ ಚೆಂಡೇ ಬರುವುದಿಲ್ಲ. ಬಂದಾಗ ಮಾತ್ರ ಎಲ್ಲರ ಕಣ್ಣೂ ಇವರ ಮೇಲೆ. ಇವರ ಹಿಂದೆ ಇರುವುದು ಗೋಡೆ ಒಂದೇ. ಹಾಗಾಗಿ ಇವರ ಕೈ ತಪ್ಪಿದ ಚೆಂಡಿಗೆ ಬೇರೆ ತಡೆಯಿಲ್ಲ.

ಇನ್ನೊಂದು ವಿಚಿತ್ರವಿದೆ. ಬೇಸ್‌ಬಾಲ್ ಸ್ಕೋರ್‌ಬೋರ್ಡಿನಲ್ಲಿ ಮೂರು ಲೆಕ್ಕ ಇರುತ್ತದೆ: ರನ್, ಹಿಟ್, ಎರರ್. ಅಂದರೆ ನೀವು ಮಾಡಿದ ತಪ್ಪನ್ನೂ ಬರೆದು ಎತ್ತರದಲ್ಲಿ ನೇತುಹಾಕುತ್ತಾರೆ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟವನನ್ನು ಜನ ಬೈದು ಮರೆಯುತ್ತಾರೆ. ಇಲ್ಲಿ ಅದು ಆಟಗಾರನ ಹೆಸರಿನ ಮುಂದೆ ದಾಖಲೆಯಾಗಿ ಉಳಿಯುತ್ತದೆ.

ಈಗ ಕಿಂಗ್ಸೇಲ್ ವಿಷಯಕ್ಕೆ ಬರೋಣ. ಆತ ಹುಟ್ಟಿದ್ದು 1976ರ ಆಗಸ್ಟಿನಲ್ಲಿ, ಯೂರೋಪಿನಿಂದ ಬಹುದೂರ, ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದಲ್ಲಿ. ದ್ವೀಪದ ವಿಸ್ತೀರ್ಣ ಸುಮಾರು 180 ಚದರ ಕಿಲೋಮೀಟರ್, ಜನಸಂಖ್ಯೆ ಈಗ ಒಂದು ಲಕ್ಷದ ಆಸುಪಾಸು. ನಮ್ಮ ಮಹಾನಗರಗಳ ಒಂದು ಉಪನಗರದಲ್ಲಿ ಇದಕ್ಕಿಂತ ಹೆಚ್ಚು ಜನ ಇದ್ದಾರೆ! ವೆನಿಜುವೆಲಾದ ಕರಾವಳಿಗೆ ಹತ್ತಿರವಿದ್ದರೂ ಅದು ನೆದರ್ಲೆಂಡ್ಸ್ ಅರಸೊತ್ತಿಗೆಗೆ ಸೇರಿದ್ದು. 1986ರಲ್ಲಿ ಅದಕ್ಕೆ ಅರಸೊತ್ತಿಗೆಯೊಳಗೇ ಪ್ರತ್ಯೇಕ ಸ್ಥಾನಮಾನ ಸಿಕ್ಕಿತು. ಅಲ್ಲಿನ ಜನರ ಮನೆಮಾತು ಪಾಪಿಯಾಮೆಂಟೊ. ಸ್ಪ್ಯಾನಿಷ್, ಪೋರ್ಚುಗೀಸ್, ಡಚ್, ಆಫ್ರಿಕದ ಭಾಷೆಗಳು ಎಲ್ಲ ಬೆರೆತು ಬೆಳೆದ ಭಾಷೆ ಅದು. ಶಾಲೆ, ಕಚೇರಿಗಳಲ್ಲಿ ಡಚ್, ಮನೆಯಲ್ಲಿ ಪಾಪಿಯಾಮೆಂಟೊ. ಹೊರಗೆ ಮರಾಠಿ, ತಮಿಳು, ತೆಲುಗು, ಹಿಂದಿ ಆಡಿ ಮನೆಗೆ ಬಂದು ಕನ್ನಡಕ್ಕೆ ತಿರುಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದ್ವೀಪಗಳ ಹುಡುಗರಿಗೆ ಬೇಸ್‌ಬಾಲ್ ಎಂದರೆ ಪ್ರಾಣ. ಅವರ ಕನಸು ನೆದರ್ಲೆಂಡ್ಸ್ ಕಡೆಗಲ್ಲ, ಅಮೆರಿಕದ ಮೇಜರ್ ಲೀಗ್ ಕಡೆಗೆ. 1996ರ ಸೆಪ್ಟೆಂಬರ್ 3ರಂದು ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಪರವಾಗಿ ಕಿಂಗ್ಸೇಲ್ ಮೈದಾನಕ್ಕಿಳಿದ. ಆಗ ವಯಸ್ಸು ಇಪ್ಪತ್ತು. ಮೇಜರ್ ಲೀಗ್ ಆಡಿದ ಮೊದಲ ಅರೂಬಾದವ ಆತ. ಕೆಲವೇ ದಿನಗಳಲ್ಲಿ ಅದೇ ದ್ವೀಪದ ಕ್ಯಾಲ್ವಿನ್ ಮಡೂರೊ ಕೂಡ ಮೇಜರ್ ಲೀಗ್ ಪ್ರವೇಶಿಸಿದ. ಅದೇ ಅಕ್ಟೋಬರಿನಲ್ಲಿ ನೆರೆಯ ಕುರಸಾವ್ ದ್ವೀಪದ ಹತ್ತೊಂಬತ್ತರ ಹುಡುಗ ಆಂಡ್ರೂ ಜೋನ್ಸ್, ಇವನೂ ದೂರದ ಬಯಲಿನವನೇ, ವರ್ಲ್ಡ್ ಸೀರೀಸ್ ಪಂದ್ಯದಲ್ಲಿ ಎರಡು ಹೋಮ್ ರನ್ ಹೊಡೆದು ಮನೆಮಾತಾದ.

ಜೋನ್ಸ್‌ಗೆ ಒಲಿದ ಅದೃಷ್ಟ ಕಿಂಗ್ಸೇಲ್‌ಗೆ ಒಲಿಯಲಿಲ್ಲ. ವೇಗದ ಓಟಗಾರ, ಎಡಗೈ ಬಲಗೈ ಎರಡೂ ಕಡೆ ನಿಂತು ಬ್ಯಾಟ್ ಮಾಡಬಲ್ಲವ, ಆದರೂ ತಂಡದಲ್ಲಿ ಸ್ಥಾನ ಗಟ್ಟಿಯಾಗಲಿಲ್ಲ. ಬಾಲ್ಟಿಮೋರಿನಿಂದ ಸಿಯಾಟಲ್, ಅಲ್ಲಿಂದ ಸ್ಯಾನ್ ಡಿಯೇಗೊ, ಕೊನೆಗೆ ಡೆಟ್ರಾಯಿಟ್. ಒಟ್ಟು ಏಳು ಋತು. ಡೆಟ್ರಾಯಿಟ್ ತಂಡದಲ್ಲಿ ಆತ ಇದ್ದದ್ದು 2003ರಲ್ಲಿ. ಆ ವರ್ಷ ಆ ತಂಡ 162 ಪಂದ್ಯಗಳಲ್ಲಿ 119 ಸೋತಿತು! ಅದೇ 2003ರಲ್ಲಿ ನೆದರ್ಲೆಂಡ್ಸ್ ಅರಸೊತ್ತಿಗೆ ಕಿಂಗ್ಸೇಲ್, ಮಡೂರೊ, ಸಿಡ್ನಿ ಪಾನ್ಸನ್ ಮೂವರಿಗೂ ನೈಟ್ ಪದವಿ ಕೊಟ್ಟು ಗೌರವಿಸಿತು. ಅಮೆರಿಕದಲ್ಲಿ ಸೋಲುವ ತಂಡದ ಆಟಗಾರ, ತನ್ನ ದ್ವೀಪದಲ್ಲಿ ದಾರಿ ತೋರಿಸಿದವ. ಒಂದೇ ವರ್ಷ, ಒಬ್ಬನೇ ಮನುಷ್ಯ. ಲೆಕ್ಕ ಇಡುವವರು ಬೇರೆ ಬೇರೆ, ಅಷ್ಟೆ.

ಅದು ಮೇಜರ್ ಲೀಗ್‌ನಲ್ಲಿ ಆತನ ಕೊನೆಯ ವರ್ಷ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದ ನೆದರ್ಲೆಂಡ್ಸ್ ತಂಡದಲ್ಲಿ ಕಿಂಗ್ಸೇಲ್ ಇದ್ದ. ಮುಂದೆ ರೋಟರ್‌ಡ್ಯಾಮಿನ ನೆಪ್ಚೂನಸ್ ಕ್ಲಬ್ಬಿಗೆ ಆಡಿದ. 1999ರಿಂದ 2005ರವರೆಗೆ ಸತತ ಏಳು ಬಾರಿ ಡಚ್ ಚಾಂಪಿಯನ್ ಆದ ಕ್ಲಬ್ಬು ಅದು. ಹಾಗೆಂದು ಅಲ್ಲಿ ಹಣದ ಹೊಳೆ ಹರಿಯುತ್ತಿತ್ತು ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಹೆಚ್ಚುಕಡಿಮೆ ದಿನಾ ಪಂದ್ಯ, ತುಂಬಿದ ಕ್ರೀಡಾಂಗಣ. ಡಚ್ ಲೀಗ್‌ನಲ್ಲಿ ವಾರಕ್ಕೆ ಎರಡೋ ಮೂರೋ ಪಂದ್ಯ, ಚಿಕ್ಕ ಮೈದಾನ. ಎಷ್ಟೋ ಆಟಗಾರರು ಹಗಲು ಬೇರೆ ಕೆಲಸ ಅಥವಾ ಓದು ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುವವರು. ಮೇಜರ್ ಲೀಗ್ ನೋಡಿದವರಿಗೆ ಇದು ಇಳಿತ ಎನ್ನಿಸಬಹುದು. ಆದರೆ ಕಿಂಗ್ಸೇಲ್ ಹೆಸರು ದೊಡ್ಡ ಸುದ್ದಿಯಾದದ್ದು ಈ ಚಿಕ್ಕ ಲೀಗಿಗೆ ಬಂದ ಮೇಲೆಯೇ.

2009ರ ಮಾರ್ಚ್. ದೇಶದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್. ಪೋರ್ಟೊ ರಿಕೊದ ಸ್ಯಾನ್ ಹ್ವಾನ್ ನಗರದಲ್ಲಿ ನೆದರ್ಲೆಂಡ್ಸ್‌ಗೆ ಎದುರಾದದ್ದು ಡೊಮಿನಿಕನ್ ರಿಪಬ್ಲಿಕ್. ಡೇವಿಡ್ ಓರ್ಟಿಜ್, ಮಿಗೆಲ್ ತೆಹಾದಾ, ಹೋಸೆ ರೆಯೆಸ್, ಪೆಡ್ರೊ ಮಾರ್ಟಿನೆಜ್, ಒಬ್ಬೊಬ್ಬರೂ ಮೇಜರ್ ಲೀಗಿನ ತಾರೆ. ಡಚ್ ತಂಡದಲ್ಲಿ ಬಹಳಷ್ಟು ಜನ ಆ ವಾರಾಂತ್ಯದ ಲೀಗಿನವರು. ಮೊದಲ ಪಂದ್ಯವನ್ನು ಡಚ್ಚರು 3-2ರಿಂದ ಗೆದ್ದಾಗ ಎಲ್ಲರೂ ಆಕಸ್ಮಿಕ ಎಂದರು. ನಂತರ ಪೋರ್ಟೊ ರಿಕೊ ವಿರುದ್ಧ ಡಚ್ಚರು ಸೋತರು. ಮಾರ್ಚ್ 10ರಂದು ಮತ್ತೆ ಅದೇ ಡೊಮಿನಿಕನ್ ತಂಡ ಎದುರಿಗೆ. ಈ ಸಲ ಸೋತವರು ಮನೆಗೆ.

ಡೊಮಿನಿಕನ್ ಪಿಚರ್ ಉಬಾಲ್ಡೊ ಹಿಮೆನೆಜ್ ನಾಲ್ಕು ಇನಿಂಗ್ಸ್‌ಗಳಲ್ಲಿ ಹತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಡಚ್ ಪಿಚರ್‌ಗಳೂ ಬಿಟ್ಟುಕೊಡಲಿಲ್ಲ. ಒಂಬತ್ತು ಇನಿಂಗ್ಸ್ ಮುಗಿದರೂ 0-0. ಹತ್ತು ಮುಗಿದರೂ 0-0. ಹನ್ನೊಂದನೆಯ ಇನಿಂಗ್ಸ್. ದೂರದ ಬಯಲಿಗೆ ಬಂದ ಚೆಂಡು ಕಿಂಗ್ಸೇಲ್ ಕೈತಪ್ಪಿತು. ಎದುರಾಳಿ ಓಡಿ ಬಂದು ರನ್ ಗಳಿಸಿದ. ಬೋರ್ಡಿನ ಮೇಲೆ 1-0. ಪಕ್ಕದಲ್ಲಿ 'ಎರರ್' ಲೆಕ್ಕ ಒಂದು ಏರಿತು.

ಹತ್ತು ಇನಿಂಗ್ಸ್ ಕಾಪಾಡಿದ ಕೋಟೆ ತನ್ನಿಂದ ಬಿತ್ತು ಎಂದು ತಿಳಿದ ಮನುಷ್ಯನ ಆ ಕೆಲವು ನಿಮಿಷಗಳನ್ನು ಸ್ವಲ್ಪ ಊಹಿಸಿಕೊಳ್ಳಿ. ಜೊತೆಯವರ ಮುಖ ನೋಡಬೇಕು. ಅದಾದ ಮೇಲೆ ಬ್ಯಾಟ್ ಎತ್ತಿಕೊಂಡು ಹೋಗಲೂ ಬೇಕು.

ಡಚ್ಚರ ಸರದಿ. ಸಿಡ್ನಿ ಡ ಯಾಂಗ್ ಒಳ್ಳೆಯ ಹೊಡೆತದಿಂದ ಎರಡನೆಯ ನೆಲೆ ತಲುಪಿದ. ಆಮೇಲೆ ಇಬ್ಬರು ಔಟಾದರು. ಮೂರನೆಯವನು ಔಟಾದರೆ ಆಟ ಮುಗಿಯಿತು. ಆಗ ಬ್ಯಾಟ್ ಹಿಡಿದು ಬಂದವನು ಕಿಂಗ್ಸೇಲ್! ಎದುರಿಗೆ ಪಿಚರ್ ಕಾರ್ಲೋಸ್ ಮಾರ್ಮೊಲ್. ಕಿಂಗ್ಸೇಲ್ ಹೊಡೆದ ಚೆಂಡು ನೆಲೆಗಳ ನಡುವಿನಿಂದ ಆಚೆ ಹೋಯಿತು. ಡ ಯಾಂಗ್ ಓಡಿ ಮನೆ ಸೇರಿದ. 1-1. ನೆಲೆ ಬಿಟ್ಟು ನಿಂತಿದ್ದ ಕಿಂಗ್ಸೇಲ್‌ನನ್ನು ಔಟ್ ಮಾಡಲು ಮಾರ್ಮೊಲ್ ಎಸೆದ ಚೆಂಡು ಗುರಿ ತಪ್ಪಿತು. ಕಿಂಗ್ಸೇಲ್ ಮೂರನೆಯ ನೆಲೆಗೆ ಓಡಿದ. ಮುಂದಿನವ ಯುರೆಂಡೆಲ್ ಡ ಕಾಸ್ಟರ್ ಹೊಡೆದ ಚೆಂಡು ನೆಲದ ಮೇಲೆ ಉರುಳಿ ಮೊದಲ ನೆಲೆಯಲ್ಲಿದ್ದ ವಿಲ್ಲಿ ಅಯ್ಬಾರ್ ಕೈಗೆ ನಿಲ್ಲಲಿಲ್ಲ. ಕಿಂಗ್ಸೇಲ್ ಮನೆ ಮುಟ್ಟಿದ. 2-1. ಡೊಮಿನಿಕನ್ ರಿಪಬ್ಲಿಕ್ ಮನೆಗೆ ಹೋಯಿತು.

ಗಮನಿಸಿ, ಗೆಲುವಿನ ಆ ರನ್ ಬಂದದ್ದು ಕೂಡ ಎದುರಾಳಿಯ ತಪ್ಪಿನಿಂದ. ಒಂದೇ ಇನಿಂಗ್ಸಿನಲ್ಲಿ ತಪ್ಪು ಎರಡೂ ಕಡೆಯವರ ಬಾಗಿಲು ತಟ್ಟಿತು. ಕಿಂಗ್ಸೇಲ್‌ಗೆ ಮತ್ತೊಂದು ಸರದಿ ಉಳಿದಿತ್ತು. ಅಯ್ಬಾರ್‌ಗೆ ಉಳಿದಿರಲಿಲ್ಲ. ಆಟ ಅಷ್ಟು ನಿರ್ದಯಿ.

ಎರಡನೆಯ ಸುತ್ತಿನಲ್ಲಿ, ಮಯಾಮಿಯಲ್ಲಿ, ಡಚ್ಚರು ವೆನಿಜುವೆಲಾ ಮತ್ತು ಅಮೆರಿಕ ಎರಡಕ್ಕೂ ಸೋತು ವಾಪಸಾದರು. ಆದರೆ ಆ ರಾತ್ರಿಯ ನಂತರ ಅವರನ್ನು ಯಾರೂ ಹಗುರವಾಗಿ ಎಣಿಸಲಿಲ್ಲ. 2011ರ ಅಕ್ಟೋಬರಿನಲ್ಲಿ ಪನಾಮಾದಲ್ಲಿ ನಡೆದ ವಿಶ್ವಕಪ್ ಫೈನಲ್ಲಿನಲ್ಲಿ ನೆದರ್ಲೆಂಡ್ಸ್ ಕ್ಯೂಬಾವನ್ನು 2-1ರಿಂದ ಸೋಲಿಸಿತು. 1938ರಲ್ಲಿ ಬ್ರಿಟನ್ ಗೆದ್ದ ಬಳಿಕ ಯೂರೋಪಿನ ತಂಡವೊಂದು ಆ ಕಪ್ ಗೆದ್ದದ್ದು ಅದೇ ಮೊದಲು.

ದಾಖಲೆ ಪುಸ್ತಕ ತೆಗೆದರೆ ಮಾರ್ಚ್ 10ರ ಆ ಎರರ್ ಇವತ್ತಿಗೂ ಕಿಂಗ್ಸೇಲ್ ಹೆಸರಿನಲ್ಲಿ ಇರುತ್ತದೆ. ಅದನ್ನು ಅಳಿಸಲಾಗದು. ಅದೇ ಪುಟದಲ್ಲಿ, ಕೆಲವೇ ಸಾಲು ಕೆಳಗೆ, ಆತನ ಹಿಟ್ ಕೂಡ ಇದೆ, ಆತನ ರನ್ ಕೂಡ ಇದೆ.

ಡೊಂಬಿವಲಿಯ ಆ ಹಿರಿಯರು ಈಗಲೂ ನಮ್ಮ ಕಾರ್ಯಕ್ರಮ ಕೇಳುತ್ತಾರೆ. ಆವತ್ತು ಅವರು ಫೋನ್ ಇಡುವಾಗ ಹೇಳಿದ್ದು ಇಷ್ಟು: "ಇರಲಿ ಬಿಡು ತಂಗಿ, ಮುಂದಿನ ಹಾಡು ಚಂದಂದು ಹಾಕು." ಹಾಕಿದೆ. ಈಗಲೂ ಹಾಕುತ್ತಿದ್ದೇನೆ.

ಕೇಳುತ್ತಿರಿ, ತಪ್ಪಿದರೆ ತಿದ್ದುತ್ತಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.