ಫಿನ್‌ಲೆಂಡಿನ ಶಿಕ್ಷಣ ವ್ಯವಸ್ಥೆ ಮತ್ತು ಶಿಕ್ಷಕರ ತರಬೇತಿ

ಉತ್ತರ ಯೂರೋಪಿನ ಫಿನ್‌ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಇಲ್ಲಿ ಮಕ್ಕಳು 7ನೆಯ ವಯಸ್ಸಿಗೆ ಶಾಲೆ ಸೇರಿ, ಎಲ್ಲರೂ ಒಂದೇ ಬಗೆಯ 9 ವರ್ಷಗಳ ಮೂಲಶಾಲೆಯಲ್ಲಿ ಓದುತ್ತಾರೆ. ಫಿನ್ನಿಷ್‌ನಲ್ಲಿ ಇದಕ್ಕೆ ‘ಪೆರುಸ್‌ಕೊಉಲು’ ಎಂದು ಹೆಸರು. ಪಾಠ, ಪುಸ್ತಕ, ಮಧ್ಯಾಹ್ನದ ಊಟ ಎಲ್ಲವೂ ಉಚಿತ. ಒಂದನೆಯ ತರಗತಿಯ ಶಿಕ್ಷಕರಿಗೂ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಕಡ್ಡಾಯ. ಈ ದೇಶದ ಶಾಲೆಯ ಚರಿತ್ರೆಯನ್ನು ಅಲ್ಲಿನ ಶಿಕ್ಷಕರ ತರಬೇತಿಯ ಚರಿತ್ರೆಯಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ. 1860ರ ದಶಕದಲ್ಲಿ ಜನಸಾಮಾನ್ಯರ ಮಕ್ಕಳಿಗಾಗಿನ ‘ಜನತಾ ಶಾಲೆ’ಯ ಕಾನೂನಿಗಿಂತ ಮೊದಲೇ ಶಿಕ್ಷಕರ ಸೆಮಿನರಿ, ಅಂದರೆ ತರಬೇತಿ ಶಾಲೆ, ತೆರೆಯಿತು. 1970ರ ದಶಕದಲ್ಲಿ ಶಾಲೆಯೂ ತರಬೇತಿಯೂ ಜೊತೆಜೊತೆಯಾಗಿ ಬದಲಾದವು.

ಚರ್ಚಿನ ಓದು

ಫಿನ್‌ಲೆಂಡ್ 1809ರವರೆಗೆ ಸ್ವೀಡನ್ನಿನ ಭಾಗವಾಗಿತ್ತು. ಅನಂತರ ರಷ್ಯದ ಚಕ್ರವರ್ತಿಯ ಅಧೀನಕ್ಕೆ ಬಂದು 1917ರಲ್ಲಿ ಸ್ವತಂತ್ರವಾಯಿತು. ಆಡಳಿತದ ಮತ್ತು ಓದಿದವರ ಭಾಷೆ ಸ್ವೀಡಿಷ್. ಬಹುಪಾಲು ಹಳ್ಳಿಗರ ಮಾತು ಫಿನ್ನಿಷ್. ಮುಂದೆ ಟುರ್ಕುವಿನ ಬಿಷಪ್ ಆದ ಮಿಕಾಯೆಲ್ ಅಗ್ರಿಕೊಲ 1543ರಲ್ಲಿ ಪ್ರಕಟಿಸಿದ ಅಕ್ಷರಮಾಲೆಯ ಪುಸ್ತಕವೇ ಫಿನ್ನಿಷ್ ಭಾಷೆಯ ಮೊದಲ ಮುದ್ರಿತ ಕೃತಿ.

ಓದನ್ನು ಹಳ್ಳಿಗೆ ಮುಟ್ಟಿಸಿದ್ದು ಲೂಥರನ್ ಚರ್ಚು. 1686ರ ಚರ್ಚು ಕಾನೂನಿನ ಪ್ರಕಾರ ಧರ್ಮಪಾಠವನ್ನು ಓದಲು ಬಾರದವರಿಗೆ ಪ್ರಭುಭೋಜನವೆಂಬ ಚರ್ಚಿನ ಸಂಸ್ಕಾರಕ್ಕೆ ಪ್ರವೇಶವಿರಲಿಲ್ಲ. ಪ್ರಭುಭೋಜನ ಪಡೆಯದವರಿಗೆ ಮದುವೆಯ ಅವಕಾಶವೂ ಇರಲಿಲ್ಲ. ಪಾದ್ರಿ ಹಳ್ಳಿಯಿಂದ ಹಳ್ಳಿಗೆ ಬಂದು ರೈತನೊಬ್ಬನ ಮನೆಯಲ್ಲಿ ಊರವರನ್ನೆಲ್ಲ ಸೇರಿಸಿ ಓದಿಸಿ ನೋಡುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ಅಲ್ಲೇ ಊಟ. ‘ಕಿಂಕೆರಿ’ ಎಂಬ ಈ ಕೂಟಕ್ಕೆ ಹೆದರದವರು ಕಡಿಮೆ. ಅಕ್ಷರ ಕಲಿಸುವ ಕೆಲಸ ಬಹಳ ಕಡೆ ಚರ್ಚಿನಲ್ಲಿ ಹಾಡು ಹೇಳಿಸುವ ಲುಕ್ಕರಿಯ ಪಾಲಿಗೆ ಬರುತ್ತಿತ್ತು. ಅಲೆಕ್ಸಿಸ್ ಕಿವಿ 1870ರಲ್ಲಿ ಪ್ರಕಟಿಸಿದ ‘ಏಳು ಸೋದರರು’ ಕಾದಂಬರಿಯಲ್ಲಿ ಅಣ್ಣತಮ್ಮಂದಿರು ಲುಕ್ಕರಿಯ ಮನೆಯ ಕಿಟಕಿಯಿಂದ ಹಾರಿ ತಪ್ಪಿಸಿಕೊಳ್ಳುವ ಪ್ರಸಂಗವನ್ನು ಫಿನ್ನರೆಲ್ಲ ಬಲ್ಲರು. ಈ ಪದ್ಧತಿಯಿಂದ ಓದು ಹರಡಿತು. ಬರವಣಿಗೆ, ಲೆಕ್ಕ ಹೆಚ್ಚಿನವರಿಗೆ ದಕ್ಕಲಿಲ್ಲ.

ಸಿಗ್ನೇಯುಸ್ ಮತ್ತು ಸೆಮಿನರಿ

ಫಿನ್‌ಲೆಂಡಿನಲ್ಲಿ ‘ಜನತಾ ಶಾಲೆಯ ತಂದೆ’ ಎನಿಸಿಕೊಂಡವನು ಉನೊ ಸಿಗ್ನೇಯುಸ್ (1810–1888). ಪಾದ್ರಿಯಾಗಿದ್ದ ಈತ ಆಗ ರಷ್ಯದ ಕೈಯಲ್ಲಿದ್ದ ಅಲಾಸ್ಕದ ಸಿಟ್ಕಾದಲ್ಲಿ ಕೆಲವು ವರ್ಷ ಇದ್ದು, ಅನಂತರ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡಿದ. 1858ರಲ್ಲಿ ಯೂರೋಪಿನ ಶಾಲೆಗಳನ್ನು ನೋಡಿ ಬರಲು ಹೊರಟ. ಶಿಕ್ಷಣ ಚಿಂತಕರಾದ ಪೆಸ್ಟಲಾಜಿ, ಫ್ರೋಬೆಲ್ ಇವರ ವಿಚಾರಗಳು ಅವನ ಮನಸ್ಸಿನಲ್ಲಿ ನಾಟಿದವು. ಮಗುವಿನ ಕೈಗೆ ಕೆಲಸ ಕಲಿಸುವುದೂ ವಿದ್ಯೆಯೇ ಎಂಬುದು ಅವನ ನಿಲುವು. ಹೊಟ್ಟೆಪಾಡಿನ ಕಸುಬು ಅವನ ಗುರಿಯಲ್ಲ. ಕಣ್ಣು, ಕೈ ಪಳಗಿ ಅಚ್ಚುಕಟ್ಟು ಬರಬೇಕೆಂಬುದು ಉದ್ದೇಶ. ಜನತಾ ಶಾಲೆಯ ಕುರಿತ 1866ರ ಸುಗ್ರೀವಾಜ್ಞೆಯಲ್ಲಿ ಕೈಕೆಲಸ ಶಾಲಾ ವಿಷಯವಾಗಿ ಸೇರಿತು. ಇಂದಿಗೂ ಅದು ಫಿನ್ನಿಷ್ ಮೂಲಶಾಲೆಯ ಕಡ್ಡಾಯ ವಿಷಯ.

1863ರಲ್ಲಿ ಯುವಾಸ್ಕುಲಾ ಪಟ್ಟಣದಲ್ಲಿ ಫಿನ್ನಿಷ್ ಮಾಧ್ಯಮದ ಮೊದಲ ಶಿಕ್ಷಕರ ಸೆಮಿನರಿ ಸಿಗ್ನೇಯುಸನ ನಿರ್ದೇಶನದಲ್ಲಿ ಪ್ರಾರಂಭವಾಯಿತು. ಮೊದಲ ದಿನದಿಂದಲೇ ಗಂಡಸರಿಗೂ ಹೆಂಗಸರಿಗೂ ಪ್ರವೇಶವಿತ್ತು. ಜೊತೆಗೊಂದು ಮಾದರಿ ಶಾಲೆ. ವಿದ್ಯಾರ್ಥಿಗಳು ಅಲ್ಲಿನ ಮಕ್ಕಳಿಗೆ ಪಾಠ ಹೇಳಿ ಕಲಿಯಬೇಕು. ಮೊದಲ ತಂಡದಲ್ಲಿದ್ದ ಮಿನ್ನ ಕಾಂತ್ 1865ರಲ್ಲಿ ಅಲ್ಲಿನ ಅಧ್ಯಾಪಕರೊಬ್ಬರನ್ನು ಮದುವೆಯಾಗಿ ಓದು ಬಿಟ್ಟಳು. ಮುಂದೆ ಆಕೆ ಫಿನ್ನಿಷ್‌ನ ಪ್ರಮುಖ ನಾಟಕಕಾರ್ತಿಯಾಗಿ, ಹೆಣ್ಣುಮಕ್ಕಳ ಶಿಕ್ಷಣದ ಪರ ನಿಂತಳು.

1866ರ ಸುಗ್ರೀವಾಜ್ಞೆ ಜನತಾ ಶಾಲೆಯನ್ನು ಚರ್ಚಿನಿಂದ ಬೇರ್ಪಡಿಸಿತು. ಪಟ್ಟಣಗಳು ಶಾಲೆ ತೆರೆಯಲೇಬೇಕಾಯಿತು. ಹಳ್ಳಿಗಳಿಗೆ ಅದು ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 1898ರಲ್ಲಿ ಗ್ರಾಮ ಪ್ರದೇಶಗಳನ್ನೂ ಶಾಲಾ ವಲಯಗಳಾಗಿ ವಿಂಗಡಿಸಬೇಕೆಂಬ ನಿಯಮ ಬಂತು. ಅಷ್ಟರೊಳಗೆ ಸೋರ್ತವಾಲ, ರೌಮ, ರಾಹೆ ಮುಂತಾದ ಊರುಗಳಲ್ಲಿಯೂ, ಸ್ವೀಡಿಷ್ ಭಾಷಿಕರಿಗಾಗಿ ಎಕೆನೆಸ್ ಮತ್ತು ನೂಕಾರ್ಲೆಬೂಗಳಲ್ಲಿಯೂ ಸೆಮಿನರಿಗಳು ತಲೆಯೆತ್ತಿದ್ದವು. ಸ್ವಾತಂತ್ರ್ಯದ ಅನಂತರ, 1921ರಲ್ಲಿ, ಕಡ್ಡಾಯ ಶಿಕ್ಷಣದ ಕಾನೂನು ಜಾರಿಯಾಯಿತು.

ಯುದ್ಧ ಮತ್ತು ಶಾಲೆಯ ಊಟ

ಎರಡನೆಯ ಮಹಾಯುದ್ಧದ ಕೊನೆಗೆ ಫಿನ್‌ಲೆಂಡ್ ಕರೇಲಿಯದ ಬಹುಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ಸೆಮಿನರಿಯಿದ್ದ ಸೋರ್ತವಾಲವೂ ಅದರೊಂದಿಗೆ ಹೋಯಿತು. 4 ಲಕ್ಷಕ್ಕೂ ಹೆಚ್ಚು ಜನರಿಗೆ ಬೇರೆಡೆ ನೆಲೆ ಕಲ್ಪಿಸಬೇಕಾಯಿತು. ಯುದ್ಧದ ನಡುವೆಯೇ, 1943ರಲ್ಲಿ, ಜನತಾ ಶಾಲೆಯ ಎಲ್ಲ ಮಕ್ಕಳಿಗೂ ಉಚಿತ ಊಟ ಕೊಡುವ ಕಾನೂನಾಗಿತ್ತು; ವ್ಯವಸ್ಥೆ ಮಾಡಿಕೊಳ್ಳಲು ಊರಾಡಳಿತಗಳಿಗೆ 5 ವರ್ಷದ ಗಡುವು ಸಿಕ್ಕಿ 1948ರಲ್ಲಿ ಅದು ಪೂರ್ತಿ ಜಾರಿಗೆ ಬಂತು. ಆರಂಭದಲ್ಲಿ ಗಂಜಿ, ಸಾರುಗಳೇ ಊಟ. ಮಕ್ಕಳು ಕಾಡಿನ ಬೆರಿಹಣ್ಣು ಆಯ್ದು ತಂದು, ತೋಟದಲ್ಲಿ ತರಕಾರಿ ಬೆಳೆದು ಅಡುಗೆಮನೆಗೆ ಒದಗಿಸುತ್ತಿದ್ದರು.

ಇಬ್ಭಾಗದಿಂದ ಮೂಲಶಾಲೆಗೆ

ಆಗಿನ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕವಲಿತ್ತು. ನಾಲ್ಕು ವರ್ಷ ಜನತಾ ಶಾಲೆಯಲ್ಲಿ ಕಲಿತ ಮಗು, ಸುಮಾರು 11ನೆಯ ವಯಸ್ಸಿಗೆ, ಪ್ರವೇಶ ಪರೀಕ್ಷೆ ಗೆದ್ದು ಫೀಸು ಕಟ್ಟಿದರೆ ‘ಒಪ್ಪಿಕೊಉಲು’ ಎಂಬ ಪ್ರೌಢಶಾಲೆಗೆ ಹೋಗಬಹುದಿತ್ತು. ವಿಶ್ವವಿದ್ಯಾಲಯದ ದಾರಿ ಅಲ್ಲಿಂದ. ಉಳಿದವರು ಜನತಾ ಶಾಲೆಯಲ್ಲೇ ಮುಂದುವರಿದು ದುಡಿಮೆಗೆ ಇಳಿಯುತ್ತಿದ್ದರು. ಹಳ್ಳಿಯ ಬಡ ಮಕ್ಕಳ ಹಣೆಬರಹ 11ಕ್ಕೇ ತೀರ್ಮಾನವಾಗುತ್ತಿತ್ತು.

ದೀರ್ಘ ಚರ್ಚೆಯ ಬಳಿಕ 1963ರಲ್ಲಿ ಸಂಸತ್ತು ಸಮಾನ ಶಾಲೆಯ ತತ್ತ್ವವನ್ನು ಒಪ್ಪಿತು. 1968ರಲ್ಲಿ ಚೌಕಟ್ಟಿನ ಕಾನೂನಾಯಿತು. ಎಲ್ಲರನ್ನೂ ಒಂದೇ ತರಗತಿಯಲ್ಲಿ ಕೂರಿಸಿದರೆ ಜಾಣ ಮಕ್ಕಳು ಹಿಂದೆ ಬೀಳುತ್ತಾರೆ ಎಂದು ಪ್ರೌಢಶಾಲಾ ಶಿಕ್ಷಕರಲ್ಲಿ ಅನೇಕರು ವಿರೋಧಿಸಿದರು. ಹೊಸ ಶಾಲೆ 1972ರಲ್ಲಿ ಉತ್ತರದ ಲ್ಯಾಪ್‌ಲೆಂಡಿನಲ್ಲಿ ಮೊದಲಾಗಿ, ವರ್ಷ ವರ್ಷ ದಕ್ಷಿಣಕ್ಕಿಳಿದು 1977ರಲ್ಲಿ ರಾಜಧಾನಿ ಹೆಲ್ಸಿಂಕಿ ಪ್ರದೇಶವನ್ನು ಮುಟ್ಟಿತು. ರಾಷ್ಟ್ರೀಯ ಶಾಲಾ ಮಂಡಳಿಯ ಮುಖ್ಯಸ್ಥ ಎರ್ಕಿ ಅಹೊ 1973ರಿಂದ 1991ರವರೆಗೆ ಈ ಬದಲಾವಣೆಯ ನೊಗ ಹೊತ್ತರು. ವಿರೋಧಕ್ಕೆ ರಾಜಿಯಾಗಿ ಗಣಿತ ಮತ್ತು ವಿದೇಶಿ ಭಾಷೆಗಳಲ್ಲಿ ಮಕ್ಕಳನ್ನು ಮಟ್ಟದ ಪ್ರಕಾರ ಗುಂಪು ಮಾಡುವ ಪದ್ಧತಿ ಉಳಿದುಕೊಂಡಿತ್ತು; 1985ರಲ್ಲಿ ಅದನ್ನೂ ಕೈಬಿಡಲಾಯಿತು.

ಬಗೆಬಗೆಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಾಗ ಹಳೆಯ ಸೆಮಿನರಿಯ ತರಬೇತಿ ಸಾಲದಾಯಿತು. 1971ರ ಕಾನೂನು ಶಿಕ್ಷಕರ ತರಬೇತಿಯನ್ನು ವಿಶ್ವವಿದ್ಯಾಲಯಗಳಿಗೆ ವಹಿಸಿತು. ದಶಕದ ನಡುವಿನ ಹೊತ್ತಿಗೆ ಸೆಮಿನರಿಗಳ ಕಾಲ ಮುಗಿಯಿತು. 1979ರಲ್ಲಿ ಪ್ರಾಥಮಿಕ ತರಗತಿಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿಯೇ ಅರ್ಹತೆ ಎಂದು ನಿಗದಿಯಾಯಿತು.

ಇಂದಿನ ತರಬೇತಿ

ಮೂಲಶಾಲೆಯ ಶಿಕ್ಷಕರಲ್ಲಿ ಮುಖ್ಯವಾಗಿ ಎರಡು ವರ್ಗ. 1ರಿಂದ 6ನೆಯ ತರಗತಿಗೆ ಬಹುತೇಕ ಎಲ್ಲ ವಿಷಯಗಳನ್ನೂ ಕಲಿಸುವವರು ತರಗತಿ ಶಿಕ್ಷಕರು. ಅವರ ಮುಖ್ಯ ವಿಷಯ ಶಿಕ್ಷಣಶಾಸ್ತ್ರ. 7ರಿಂದ 9 ಮತ್ತು ಅದರ ಮೇಲಿನ ತರಗತಿಗಳವರು ವಿಷಯ ಶಿಕ್ಷಕರು. ಇವರು ಗಣಿತ, ಇತಿಹಾಸ ಹೀಗೆ ತಮ್ಮ ವಿಷಯದಲ್ಲಿ ಸ್ನಾತಕೋತ್ತರ ಓದಿ, ಜೊತೆಗೆ 60 ಕ್ರೆಡಿಟ್‌ಗಳ ಬೋಧನಶಾಸ್ತ್ರ ಮುಗಿಸಬೇಕು. ಇಡೀ ಓದು 300 ಕ್ರೆಡಿಟ್: ಮೂರು ವರ್ಷದ ಪದವಿಗೆ 180, ಎರಡು ವರ್ಷದ ಸ್ನಾತಕೋತ್ತರಕ್ಕೆ 120. ಕೊನೆಗೆ ಪ್ರತಿಯೊಬ್ಬರೂ ಸಂಶೋಧನ ಪ್ರಬಂಧ ಬರೆಯಬೇಕು. ತನ್ನ ತರಗತಿಯಲ್ಲಿ ಮಗು ಏಕೆ ಎಡವುತ್ತಿದೆ ಎಂದು ತಾನೇ ಪರಿಶೀಲಿಸಿ ತೀರ್ಮಾನಿಸಬಲ್ಲ ಶಿಕ್ಷಕನನ್ನು ರೂಪಿಸುವುದು ಇದರ ಹಿಂದಿನ ಆಶಯ.

ತರಗತಿ ಶಿಕ್ಷಕರ ಓದಿಗೆ ಪ್ರವೇಶ ಸುಲಭವಲ್ಲ. ಲಿಖಿತ ಪರೀಕ್ಷೆ ಗೆದ್ದವರನ್ನು ಎರಡನೆಯ ಸುತ್ತಿನಲ್ಲಿ ಸಂದರ್ಶನದಂಥ ಕ್ರಮಗಳಿಂದ ಪರೀಕ್ಷಿಸಿ, ಮಕ್ಕಳೊಡನೆ ಕೆಲಸ ಮಾಡುವ ಒಲವನ್ನು ಅಳೆಯುತ್ತಾರೆ. ಬೇಡಿಕೆ ಹೆಚ್ಚಿದ್ದ ವರ್ಷಗಳಲ್ಲಿ ಹತ್ತು ಅರ್ಜಿಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಸೀಟು ಸಿಗುತ್ತಿತ್ತು. ಹೆಲ್ಸಿಂಕಿ, ಟುರ್ಕು, ಟಾಂಪೆರೆ, ಯುವಾಸ್ಕುಲಾ, ಔಲು, ಪೂರ್ವ ಫಿನ್‌ಲೆಂಡ್ ಮತ್ತು ಲ್ಯಾಪ್‌ಲೆಂಡ್ ವಿಶ್ವವಿದ್ಯಾಲಯಗಳಲ್ಲಿಯೂ, ಸ್ವೀಡಿಷ್ ಮಾಧ್ಯಮದಲ್ಲಿ ಓಬೊ ಅಕಾಡೆಮಿಯಲ್ಲಿಯೂ ಈ ಶಿಕ್ಷಣ ದೊರೆಯುತ್ತದೆ.

ವಿಶ್ವವಿದ್ಯಾಲಯಗಳಿಗೆ ಸೇರಿದ ಅಭ್ಯಾಸ ಶಾಲೆಗಳು ತರಬೇತಿಯ ಬೆನ್ನೆಲುಬು. ಇವುಗಳಿಗೆ ‘ನೊರ್ಮಾಲಿಕೊಉಲು’ ಎಂದು ಹೆಸರು, ಆಡುಮಾತಿನಲ್ಲಿ ‘ನೊರ್ಸಿ’. ಹಳೆಯ ಮೈಸೂರು ಸಂಸ್ಥಾನದಲ್ಲಿ ಬಳಕೆಯಲ್ಲಿದ್ದ ‘ನಾರ್ಮಲ್ ಸ್ಕೂಲ್’ ಎಂಬ ಹೆಸರಿಗೂ ಇದಕ್ಕೂ ಬೇರು ಒಂದೇ. ಪಾಠ ಯೋಜನೆ ಬರೆದುಕೊಂಡು ಬಂದ ಪ್ರಶಿಕ್ಷಣಾರ್ಥಿ ಕರಿಹಲಗೆಯ ಮುಂದೆ ನಿಂತರೆ, ಮಾರ್ಗದರ್ಶಕ ಶಿಕ್ಷಕರೂ ಸಹಪಾಠಿಗಳೂ ಹಿಂದೆ ಕುಳಿತು ಗುರುತು ಹಾಕಿಕೊಳ್ಳುತ್ತಾರೆ. ಪಾಠ ಮುಗಿದ ಮೇಲೆ ಚರ್ಚೆ: ಯಾವ ಪ್ರಶ್ನೆಗೆ ಮಕ್ಕಳು ಸುಮ್ಮನಾದರು, ಯಾರ ಕೈ ಒಮ್ಮೆಯೂ ಮೇಲೇಳಲಿಲ್ಲ ಎಂಬುದೆಲ್ಲ ಅಲ್ಲಿ ಬರುತ್ತದೆ. ಇಂಥ ಅಭ್ಯಾಸ ಹಲವು ಹಂತಗಳಲ್ಲಿ ನಡೆಯುತ್ತದೆ.

ತರಗತಿಯೊಳಗಿನ ಸ್ವಾತಂತ್ರ್ಯ

1990ರ ದಶಕದ ಆರಂಭದಲ್ಲಿ ಶಾಲಾ ತಪಾಸಣೆಯೂ ಪಠ್ಯಪುಸ್ತಕಗಳ ಸರ್ಕಾರಿ ಪೂರ್ವಾನುಮತಿಯೂ ರದ್ದಾದವು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನಷ್ಟೇ ಹೇಳುತ್ತದೆ. ಪುಸ್ತಕ, ವಿಧಾನಗಳ ಆಯ್ಕೆ ಶಾಲೆ ಮತ್ತು ಶಿಕ್ಷಕರದು. ಮೂಲಶಾಲೆಯಲ್ಲಿ ಎಲ್ಲರಿಗೂ ಅನ್ವಯಿಸುವ ಪಬ್ಲಿಕ್ ಪರೀಕ್ಷೆಯಿಲ್ಲ. ಅಂಥ ಪರೀಕ್ಷೆ ಒಂದೇ: ಮೂಲಶಾಲೆಯ ನಂತರದ ಶೈಕ್ಷಣಿಕ ಮಾಧ್ಯಮಿಕ ಹಂತದ ಕೊನೆಯದು. ಅದರ ಮೂಲ 1852ರ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿದೆ. ಒಂದು ಪಿರಿಯಡ್ಡಿಗೆ 45 ನಿಮಿಷ ಪಾಠ. ಉಳಿದ ಕಾಲು ಗಂಟೆಯ ವಿರಾಮಕ್ಕೆ ಮಕ್ಕಳು ಹಿಮ ಬೀಳುವ ದಿನಗಳಲ್ಲೂ ಅಂಗಳಕ್ಕಿಳಿಯುತ್ತಾರೆ. ಶಿಕ್ಷಕರನ್ನು ಹೆಸರು ಹಿಡಿದೋ ‘ಒಪೆ’ ಎಂದೋ ಕರೆಯುತ್ತಾರೆ. ಶಿಕ್ಷಕ ಎಂಬ ಅರ್ಥದ ‘ಒಪೆತ್ತಾಯ’ ಪದದ ಮೊಟಕು ರೂಪವದು.

ಏರು ಮತ್ತು ಇಳಿತ

15 ವರ್ಷದವರ ಕಲಿಕೆಯನ್ನು ಅಳೆಯುವ ಪಿಸಾ ಅಂತರರಾಷ್ಟ್ರೀಯ ಸಮೀಕ್ಷೆಯ 2000ದ ಮೊದಲ ಸುತ್ತಿನಲ್ಲಿ ಓದಿನಲ್ಲಿ ಫಿನ್‌ಲೆಂಡ್ ಮೊದಲ ಸ್ಥಾನ ಪಡೆಯಿತು. ಆಗ ಹಲವು ದೇಶಗಳ ಶಿಕ್ಷಣ ತಜ್ಞರು ಅಲ್ಲಿಗೆ ಭೇಟಿ ಕೊಡತೊಡಗಿದರು. ಆದರೆ ಆ ಎತ್ತರ ಉಳಿಯಲಿಲ್ಲ. ಗಣಿತದ ಸರಾಸರಿ ಅಂಕ 2006ರಲ್ಲಿ 548 ಇದ್ದದ್ದು 2022ರಲ್ಲಿ 484ಕ್ಕೆ ಇಳಿಯಿತು. ಓದಿನದು 2000ದ 546ರಿಂದ 490ಕ್ಕೆ. ಹುಡುಗರು ಹುಡುಗಿಯರಿಗಿಂತ ಓದಿನಲ್ಲಿ ಬಹಳ ಹಿಂದಿದ್ದಾರೆ. ವಲಸಿಗ ಕುಟುಂಬಗಳ ಮಕ್ಕಳ ಅಂತರವೂ ದೊಡ್ಡದು. ಖರ್ಚಿನ ಕಡಿತ, ಕುಗ್ಗಿದ ಪುಸ್ತಕ ಓದುವ ಹವ್ಯಾಸ, ಮೊಬೈಲ್ ಗೀಳು ಇವೆಲ್ಲ ಚರ್ಚೆಯಲ್ಲಿರುವ ಕಾರಣಗಳು. ಶಿಕ್ಷಕರ ಓದಿಗೆ ಬರುವ ಅರ್ಜಿಗಳೂ 2010ರ ದಶಕದಲ್ಲಿ ಕಡಿಮೆಯಾದವು.

ಸುಧಾರಣೆಗಳು ನಿಂತಿಲ್ಲ. 2021ರಿಂದ ಕಡ್ಡಾಯ ಶಿಕ್ಷಣದ ವಯಸ್ಸು 18ಕ್ಕೆ ಏರಿತು. 2025ರ ಆಗಸ್ಟ್‌ನಿಂದ ಪಾಠದ ವೇಳೆ ಮೊಬೈಲ್ ಬಳಕೆಗೆ ಕಾನೂನಿನ ಕಡಿವಾಣ ಬಿತ್ತು. ಇಷ್ಟಾದರೂ ಶಿಕ್ಷಕರಿಗೆ ಸ್ನಾತಕೋತ್ತರ ಪದವಿ ಬೇಕೆಂಬ 1979ರ ನಿಯಮ ಸಡಿಲವಾಗಿಲ್ಲ. ಈ ತರಬೇತಿಯ ಕಥೆ ಶುರುವಾದ ಯುವಾಸ್ಕುಲಾದ ಸೆಮಿನರಿ 1934ರಲ್ಲಿ ಶಿಕ್ಷಣ ಮಹಾವಿದ್ಯಾಲಯವಾಗಿ, 1966ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ರೂಪಿಸಿದ ಕಟ್ಟಡಗಳಿರುವ ಅದರ ಆವರಣಕ್ಕೆ ಇಂದಿಗೂ ‘ಸೆಮಿನಾರಿನ್‌ಮೆಕಿ’, ಅಂದರೆ ಸೆಮಿನರಿ ಗುಡ್ಡ, ಎಂದೇ ಹೆಸರು.