ಗುಟ್ಟಿನ ಇಪ್ಪತ್ತೊಂದು ತಿಂಗಳು

ತುರ್ತುಪರಿಸ್ಥಿತಿಯ ಕಾಲಕ್ಕೆ ಮುಂಬಯಿಯ ಕುರ್ಲಾ ದುಡಿಮೆಯ ಊರು. 1925ರ ಫೆಬ್ರುವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್‌ನಿಂದ ಹೊರಟು ಬಂದು ನಿಂತದ್ದು ಇಲ್ಲೇ. ಜಮ್ಶೆಟ್‌ಜಿ ಟಾಟಾ ಕೊಂಡು ನಡೆಸಿದ ಸ್ವದೇಶಿ ಮಿಲ್ಲು, ಪ್ರೀಮಿಯರ್ ಕಂಪನಿಯ ಕಾರು ಕಾರ್ಖಾನೆ, ಮುಕುಂದ್ ಉಕ್ಕಿನ ಕಾರ್ಖಾನೆ, ರೈಲ್ವೆಯ ಕಾರ್ ಶೆಡ್ಡು, ಇವುಗಳ ನಡುವೆ ಸಾವಿರಾರು ಸಂಸಾರಗಳು ಬದುಕು ಕಟ್ಟಿಕೊಂಡವು. ದಕ್ಷಿಣ ಕನ್ನಡದಿಂದ ಹೊಟ್ಟೆಪಾಡಿಗೆ ಮುಂಬಯಿ ಸೇರಿದ ತುಳು, ಕನ್ನಡ, ಕೊಂಕಣಿಯ ಹುಡುಗರೂ ಈ ಉಪನಗರಗಳಲ್ಲಿ ನೆಲೆಯೂರಿದರು. ಇಂದು ಬಂಟರ ಭವನ ನಿಂತಿರುವುದು ಇದೇ ಕುರ್ಲಾದಲ್ಲಿ.

ಹಾಗೆ ಬಂದವರಲ್ಲಿ ಒಬ್ಬರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಪಾದ್ರಿಯಾಗಲು ಸೆಮಿನರಿ ಸೇರಿ, ಅದನ್ನು ಬಿಟ್ಟು, 1949ರಲ್ಲಿ ಮುಂಬಯಿಗೆ ಬಂದು ಫುಟ್‌ಪಾತಿನಲ್ಲಿ ಮಲಗಿದವರು. ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ಕಾರ್ಮಿಕರನ್ನೂ ಸಂಘಟಿಸಿದರು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿದರು. 1974ರ ಮೇ 8ರಂದು ಅವರ ಮುಂದಾಳುತನದಲ್ಲಿ ದೇಶದ ರೈಲ್ವೆ ನೌಕರರು ಮುಷ್ಕರ ಹೂಡಿದಾಗ ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ತಳ್ಳಿತು, ಸಂಸಾರಗಳನ್ನು ಕ್ವಾರ್ಟರ್ಸಿನಿಂದ ಹೊರಹಾಕಿತು. ಇಪ್ಪತ್ತು ದಿನಗಳಲ್ಲಿ ಮುಷ್ಕರ ಮುರಿಯಿತು. ಬರಲಿದ್ದ ಕಾಲದ ಲಕ್ಷಣಗಳೆಲ್ಲ ಅಲ್ಲೇ ಕಾಣಿಸಿಕೊಂಡಿದ್ದವು.

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಅದೇ ರಾತ್ರಿ ದೆಹಲಿಯ ಪತ್ರಿಕಾಲಯಗಳಿಗೆ ವಿದ್ಯುತ್ ನಿಂತಿತು. ಬೆಳಗಾದರೆ ಬೆಂಗಳೂರಿನಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬಂಧನದಲ್ಲಿದ್ದರು. ಸೆನ್ಸಾರ್ ಅಧಿಕಾರಿ ಒಪ್ಪದ ಸುದ್ದಿ ಅಚ್ಚಾಗುವಂತಿಲ್ಲ. ಕತ್ತರಿಸಿದ ಜಾಗವನ್ನು ಖಾಲಿ ಬಿಡುವುದೂ ಅಪರಾಧ. ಕೈ ಹಾಕಿದ್ದಾರೆಂಬ ಗುರುತೂ ಓದುಗನಿಗೆ ಸಿಗಬಾರದೆಂಬುದು ಆಳುವವರ ಆಸೆ.

ಆದರೆ ಆ ಆಳ್ವಿಕೆಯ ತಿರುಳು ಸೆನ್ಸಾರಿಗಿಂತ ಆಳದಲ್ಲಿ, ವಿಚಾರಣೆಯಿಲ್ಲದೆ ಬಂಧಿಸಲು ಬಿಡುವ ಮೀಸಾ ಕಾಯ್ದೆಗೆ ಸೇರಿಸಿದ 16ಎ ಎಂಬ ಕಲಮಿನಲ್ಲಿತ್ತು. ಬಂಧಿತನಿಗೆ ಕಾರಣ ತಿಳಿಸಬೇಕಿಲ್ಲ ಎಂದಿತು ಅದು. ಅಷ್ಟಕ್ಕೇ ನಿಲ್ಲದೆ, ಆ ಕಾರಣವೇ ಸರ್ಕಾರದ ಗೋಪ್ಯ ವಿಷಯ, ನ್ಯಾಯಾಲಯಕ್ಕೂ ಹೇಳಬೇಕಿಲ್ಲ ಎಂದಿತು. ಒಬ್ಬ ಮನುಷ್ಯ ಜೈಲಿನಲ್ಲಿ ಏಕಿದ್ದಾನೆ ಎಂಬುದು ಅವನಿಗೇ ಗೊತ್ತಾಗಬಾರದ ರಾಜ್ಯರಹಸ್ಯವಾಯಿತು. ಇತ್ತ ಪ್ರಜೆಯ ಕಾಗದ ಒಡೆಯಲು 1898ರ ಅಂಚೆ ಕಾಯ್ದೆ, ಫೋನು ಕದ್ದು ಕೇಳಲು 1885ರ ತಂತಿ ಕಾಯ್ದೆ. ಎರಡೂ ಬ್ರಿಟಿಷರು ಬಿಟ್ಟುಹೋದವು, ಸ್ವತಂತ್ರ ಭಾರತ ಜೋಪಾನ ಮಾಡಿಟ್ಟುಕೊಂಡವು.

ಬಂಧನ ತಪ್ಪಿಸಿಕೊಂಡು, ಸಿಖ್ಖರ ಗಡ್ಡ, ರುಮಾಲಿನ ಮರೆಯಲ್ಲಿ ಊರೂರು ತಿರುಗುತ್ತಿದ್ದ ಜಾರ್ಜರನ್ನು ಗುಪ್ತಚರರು ವರ್ಷವಿಡೀ ಹುಡುಕಿದರು. ಸಿಗದಾಗ ಮನೆಯವರ ಮೇಲೆ ತಿರುಗಿದರು. 1976ರ ಮೇ 1ರಂದು ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದೊಯ್ದರು. ಅಣ್ಣ ಎಲ್ಲಿ ಎಂಬ ಒಂದೇ ಪ್ರಶ್ನೆ, ಅದಕ್ಕೆ ದಿನಗಟ್ಟಲೆ ಹೊಡೆತ. ಮಗನ ಸ್ಥಿತಿ ಕಂಡ ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೇ ಪತ್ರ ಬರೆದರು. ಲಾರೆನ್ಸರನ್ನು ಹಿಡಿದ ಮರುದಿನ, ಮೇ 2ರಂದು, ಜಾರ್ಜರ ಸ್ನೇಹಿತೆ, ‘ಸಂಸ್ಕಾರ’ ಚಿತ್ರದ ಚಂದ್ರಿ ಪಾತ್ರದ ನಟಿ ಸ್ನೇಹಲತಾ ರೆಡ್ಡಿಯವರ ಬಂಧನ. ಉಬ್ಬಸದ ಆ ಹೆಣ್ಣುಮಗಳು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ನರಳಿದರು. ಜಾರ್ಜರ ಮೇಲೆ ಹೂಡಿದ ಮೊಕದ್ದಮೆಯ ಆರೋಪಪಟ್ಟಿಯಲ್ಲಿ ಕೊನೆಗೂ ಅವರ ಹೆಸರಿರಲಿಲ್ಲ. ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಇದನ್ನು ಸಹಜ ಸಾವೆಂದು ಬರೆಯಲು ನನ್ನ ಕೈ ಏಳದು.

1976ರ ಜೂನ್ 10ರಂದು ಜಾರ್ಜ್ ಕಲ್ಕತ್ತದಲ್ಲಿ ಸಿಕ್ಕಿಬಿದ್ದರು. ಸರ್ಕಾರದ ವಿರುದ್ಧ ಸ್ಫೋಟಗಳಿಗೆ ಡೈನಮೈಟ್ ಕೂಡಿಟ್ಟರೆಂಬ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಅವರೊಡನೆ ಆರೋಪಿಗಳಾದ ಇಪ್ಪತ್ತನಾಲ್ಕು ಜನರಲ್ಲಿ ಕುರ್ಲಾದ ಮುಕುಂದ್ ಕಾರ್ಖಾನೆಯ ಒಡೆಯ ವೀರೇನ್ ಶಾ ಕೂಡ ಇದ್ದರು. ಕಾರ್ಮಿಕ ಮುಖಂಡನನ್ನೂ ಉಕ್ಕಿನ ಉದ್ಯಮಿಯನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿದ ಕಾಲ ಅದು. ಡೈನಮೈಟಿನ ದಾರಿಯನ್ನು ಒಪ್ಪದವರು ಆಗಲೂ ಇದ್ದರು, ನಾನೂ ಒಪ್ಪುವವನಲ್ಲ. ಆದರೆ ಮಾತಿನ ದಾರಿಗಳನ್ನೆಲ್ಲ ಮೊದಲು ಮುಚ್ಚಿದವರು ಯಾರೆಂದು ಕೇಳದೆ ಆ ಮೊಕದ್ದಮೆಯ ಕಥೆ ಹೇಳಲಾಗದು.

ಮುಂಬಯಿಯಲ್ಲಿ ಒಂದು ಬಾಗಿಲು ಮಾತ್ರ ತೆರೆದಿತ್ತು. ಮೀನೂ ಮಸಾನಿಯವರ ‘ಫ್ರೀಡಂ ಫಸ್ಟ್’ ಎಂಬ ಚಿಕ್ಕ ಮಾಸಪತ್ರಿಕೆಯ ಲೇಖನಗಳನ್ನು ಸೆನ್ಸಾರ್ ಅಧಿಕಾರಿ ಬಿನೋದ್ ರಾವ್ ತಡೆದಾಗ ಮಸಾನಿ ಕೋರ್ಟಿಗೆ ಹೋದರು. 1976ರ ಫೆಬ್ರುವರಿಯಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಮದನ್ ಮತ್ತು ಕಾನಿಯಾ, ತುರ್ತುಪರಿಸ್ಥಿತಿಯಲ್ಲೂ ಸರ್ಕಾರವನ್ನು ಟೀಕಿಸುವ ಹಕ್ಕು ಪ್ರಜೆಗೆ ಉಳಿದಿದೆ ಎಂದರು. ಎರಡೇ ತಿಂಗಳ ಮೇಲೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಮೀಸಾ ಬಂದಿಗಳು ಹೈಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದು ತೀರ್ಪಿತ್ತರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮುಖ್ಯ ನ್ಯಾಯಮೂರ್ತಿಯ ಪೀಠ ಅವರ ಕೈತಪ್ಪಿತು. ಆ ನಾಲ್ವರ ತೀರ್ಪನ್ನು ಸುಪ್ರೀಂ ಕೋರ್ಟು ತೊಡೆದುಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿನಲ್ಲಿ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

1977ರ ಮಾರ್ಚಿನಲ್ಲಿ ಜನ ಮತ ಹಾಕಿದರು. ಸೆರೆಯಲ್ಲಿದ್ದೇ ಜಾರ್ಜ್ ಮುಜಫ್ಫರ್‌ಪುರದಿಂದ ಗೆದ್ದರು, ಮೊಕದ್ದಮೆಯನ್ನು ಹೊಸ ಸರ್ಕಾರ ಹಿಂತೆಗೆದುಕೊಂಡಿತು. ಮೇ ತಿಂಗಳಲ್ಲಿ ನೇಮಕವಾದ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಅಧಿಕಾರಿಗಳನ್ನು ಬಹಿರಂಗವಾಗಿ ಕೂರಿಸಿ ಕೇಳಿತು, ಕಡತಗಳನ್ನು ಬಿಚ್ಚಿಸಿತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿದಿಟ್ಟ ಲೆಕ್ಕ ರಾಜ್ಯವಾರು ಹೊರಬಂತು. 1978ರಲ್ಲಿ ಮೂರು ವರದಿಗಳಾದವು.

ತುರ್ತುಪರಿಸ್ಥಿತಿ ಹೇರಿದವರೇ 1980ರಲ್ಲಿ ಅಧಿಕಾರಕ್ಕೆ ಮರಳಿದಾಗ ಆ ವರದಿಯ ಪ್ರತಿಗಳನ್ನು ವಾಪಸು ತರಿಸಿಕೊಂಡರೆನ್ನುತ್ತಾರೆ. ಅವು ಕಪಾಟುಗಳಿಂದ ಮಾಯವಾದವು. ಗುಟ್ಟಿನ ಆಳ್ವಿಕೆಯ ಮೇಲಿನ ವರದಿಯೇ ಗುಟ್ಟಾಗಿ ಮೂವತ್ತು ವರ್ಷ ಕಳೆಯಿತು. ಮಾಜಿ ಸಂಸದ ಎರಾ ಸೆಳಿಯನ್ ತಮ್ಮಲ್ಲಿ ಉಳಿದಿದ್ದ ಪ್ರತಿಯನ್ನು 2010ರಲ್ಲಿ ಮತ್ತೆ ಅಚ್ಚುಹಾಕಿಸಿದರು. ನಿಮ್ಮೂರಿನ ಗ್ರಂಥಾಲಯದಲ್ಲಿ ಅದಿದೆಯೇ ಕೇಳಿ ನೋಡಿ. ಇಲ್ಲದಿದ್ದರೆ ತರಿಸಲು ಹೇಳಿ.