ಬಿಸಿಲಿಗೂ ಪಹಣಿ ಕೇಳ್ತಾರೆ: ಶಿವನಸಮುದ್ರದಿಂದ ಪಾವಗಡದವರೆಗೆ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಕಲ್ಲಿದ್ದಲು, ಡೀಸೆಲ್ಲು, ಪೆಟ್ರೋಲು ಇವೆಲ್ಲ ಬಿಟ್ಟು ಬಿಸಿಲು, ಗಾಳಿಯಿಂದ ಬದುಕುವ ಕಾಲ ಬರ್ತಿದೆ ಅಂತ ಎಲ್ಲರೂ ಹೇಳ್ತಿದ್ದಾರೆ. ಬರಲಿ. ನನಗೆ ಅದರ ಬಗ್ಗೆ ತಕರಾರಿಲ್ಲ. ಮಳೆ ಕೈಕೊಟ್ಟರೆ ಮೊದಲು ಕೂಲಿ ಕಳ್ಕೊಳ್ಳೋರು ನಮ್ಮವರು, ಬಿಸಿಲು ಜಾಸ್ತಿಯಾದರೆ ಮೊದಲು ಬೀಳೋರು ಬಯಲಲ್ಲಿ ದುಡಿಯುವ ನಮ್ಮವರು. ಹಾಗಾಗಿ ಈ ಬದಲಾವಣೆ ನಮಗೆ ಎಲ್ಲರಿಗಿಂತ ಹೆಚ್ಚು ಬೇಕು.

ಆದರೆ ಒಂದು ಪ್ರಶ್ನೆ ಇದೆ. ಒಲೆಗೆ ಹಾಕುವ ಸೌದೆ ಬದಲಾದರೆ ಒಲೆ ಮುಂದೆ ಕೂರುವ ಜನ ಬದಲಾಗ್ತಾರಾ? ನಮ್ಮ ನಾಡಲ್ಲಿ ಈ ಬದಲಾವಣೆ ಹೊಸದೇನಲ್ಲ. ಈಗಾಗಲೇ ನಡೆದಿರುವ ಮೂರನ್ನು ನೋಡೋಣ.

ಮೊದಲನೆಯದು 1902.

ಕೋಲಾರದ ಚಿನ್ನದ ಗಣಿಗಳಲ್ಲಿ ಆಗ ಹಬೆ ಯಂತ್ರಗಳು ಓಡ್ತಿದ್ದವು. ಅದಕ್ಕೆ ಕಲ್ಲಿದ್ದಲು ಬೇಕು, ಸೌದೆ ಬೇಕು, ಎರಡಕ್ಕೂ ಖರ್ಚು ಜಾಸ್ತಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ನೀರಿನಿಂದ ವಿದ್ಯುತ್ ತೆಗೆಯುವ ಯೋಜನೆ ಶುರುವಾಯಿತು. 1902ರ ಜೂನ್‌ನಲ್ಲಿ ಅಲ್ಲಿಂದ ಸುಮಾರು 150 ಕಿ.ಮೀ. ದೂರದ ಕೆಜಿಎಫ್‌ಗೆ ಕರೆಂಟ್ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಅಂದ್ರೆ ಕಲ್ಲಿದ್ದಲು ಬಿಟ್ಟು ನೀರಿಗೆ ಬಂದ ದೊಡ್ಡ ಹೆಜ್ಜೆ ನಮ್ಮ ಮೈಸೂರು ಸೀಮೆಯಲ್ಲಿ 120 ವರ್ಷಗಳ ಹಿಂದೆಯೇ ಆಗಿಹೋಗಿದೆ. ಪಠ್ಯಪುಸ್ತಕದಲ್ಲಿ ದಿವಾನರ ಹೆಸರಿದೆ, ಎಂಜಿನಿಯರ್ ಹೆಸರಿದೆ. ಸರಿ.

ಆ ಕರೆಂಟಿನಿಂದ ಗಣಿ ಇನ್ನೂ ಇನ್ನೂ ಆಳಕ್ಕೆ ಹೋಯ್ತು. ಕೊನೆಗೆ ನೆಲದಡಿ ಮೂರು ಕಿ.ಮೀ. ದಾಟಿತು. ಆ ಆಳಕ್ಕೆ ಇಳಿದವರು ಯಾರು? ಹೆಚ್ಚಿನವರು ತಮಿಳು ಸೀಮೆಯಿಂದ, ಚಿತ್ತೂರು ಕಡೆಯಿಂದ ಬಂದ ದಲಿತರು. ಧೂಳು ಕುಡಿದು ಶ್ವಾಸಕೋಶ ಹಾಳು ಮಾಡಿಕೊಂಡರು. ಆದರೆ ಒಂದು ಮಾತು ಹೇಳಲೇಬೇಕು. ಊರಗೌಡನ ಕೈಯಿಂದ ತಪ್ಪಿಸಿಕೊಂಡು ಬಂದವರಿಗೆ ಅಲ್ಲಿ ನಗದು ಕೂಲಿ ಸಿಕ್ಕಿತು. ಆ ಕೂಲಿಯ ಬಲದ ಮೇಲೆ ಮಕ್ಕಳನ್ನು ಓದಿಸಿದರು, ಸಂಘ ಕಟ್ಟಿದರು. ಪಂಡಿತ್ ಅಯೋತಿ ದಾಸರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿದ್ದು ಬಾಬಾಸಾಹೇಬರು ಮಹಾಡ್ ಕೆರೆಗೆ ಇಳಿಯುವುದಕ್ಕೂ ಎಷ್ಟೋ ವರ್ಷ ಮೊದಲು. 1902ರ ಕರೆಂಟ್ ನಮ್ಮವರಿಗೆ ಪಾಲು ಕೊಡಲಿಲ್ಲ, ಆದರೆ ಅದಕ್ಕೆ ನಮ್ಮವರ ಮೈ ಬೇಕಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಪಾವಗಡಕ್ಕೆ ಹೋದಾಗ ಬೇಕಾಗ್ತದೆ.

ಎರಡನೆಯದು 1973.

ಆ ವರ್ಷ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಸರಬರಾಜು ಕಡಿತ ಮಾಡಿ ಜಗತ್ತಿಗೇ ಡೀಸೆಲ್, ಸೀಮೆಎಣ್ಣೆ ದುಬಾರಿಯಾಯಿತು. ಮರುತಿಂಗಳೇ ಮೈಸೂರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಅದರ ಹಿಂದೆ ನಮ್ಮ ಹುಡುಗರ ಮೇಲೆ ಹಲ್ಲೆ, ಅದರಿಂದ ಹುಟ್ಟಿದ ನಮ್ಮ ಚಳವಳಿ. ಎರಡನ್ನೂ ಯಾರೂ ಜೊತೆಗಿಟ್ಟು ನೋಡಲ್ಲ. ಆದರೆ ಹಳ್ಳಿ ಹೇಗೆ ಬದುಕಬೇಕು ಅನ್ನೋ ಪ್ರಶ್ನೆ ಎರಡರಲ್ಲೂ ಇತ್ತು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಅನ್ನುವ ತಂಡ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹಳ್ಳಿಯಲ್ಲೇ ಕೂತು ಮಾಡಬೇಕು ಅನ್ನೋದು ಅವರ ಹಠ. ಆಗ ಸರ್ಕಾರ ಮನೆಗೊಂದು ಗೋಬರ್ ಗ್ಯಾಸ್ ಅಂತ ಹೊರಟಿತ್ತು. ಅದಕ್ಕೆ ಮನೇಲಿ ನಾಲ್ಕೈದು ದನ ಇರಬೇಕು, ಗುಂಡಿ ತೋಡೋಕೆ ಸ್ವಂತ ಜಾಗ ಇರಬೇಕು. ದನವೇ ಇಲ್ಲದ ಕೇರಿಗೆ ಅದರಿಂದ ಏನು ಬಂತು? ಅದುವರೆಗೆ ಬೀದೀಲಿ, ಬಯಲಲ್ಲಿ ಬಿದ್ದ ಸಗಣಿ ಬಾಚಿ ಬೆರಣಿ ತಟ್ಟಿ ಒಲೆ ಉರಿಸ್ತಿದ್ದ ಹೆಂಗಸಿಗೆ ಆ ಸಗಣಿಯೂ ತಪ್ಪುವ ಹಾಗಾಯ್ತು. ಬೆಲೆ ಇಲ್ಲದೆ ಬಿದ್ದಿದ್ದಕ್ಕೆ ಬೆಲೆ ಬಂದ ಕೂಡಲೇ ಅದಕ್ಕೆ ಯಜಮಾನ ಹುಟ್ಟಿಕೊಳ್ತಾನೆ.

ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಸಣ್ಣ ಹಳ್ಳಿಯಲ್ಲಿ 'ಅಸ್ತ್ರ'ದವರು ಬೇರೆ ದಾರಿ ಹಿಡಿದರು. ಊರಿಗೆಲ್ಲ ಸೇರಿ ಒಂದೇ ಗೋಬರ್ ಗ್ಯಾಸ್ ಘಟಕ. ಮೊದಲು ಅಡುಗೆಗೆ ಅಂದರು, ಸಗಣಿ ಸಾಲದೆ ಅದು ಕೂಡಿಬರಲಿಲ್ಲ. ಆಮೇಲೆ 1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ಕರೆಂಟ್ ತೆಗೆದರು. ಡೀಸೆಲ್ ಬಹುಪಾಲು ಉಳಿಯಿತು. ಮನೆಗಳಿಗೆ ಬಲ್ಬು ಬಂತು, ಬೋರ್‌ವೆಲ್ ನೀರು ಬೀದಿ ನಲ್ಲಿಗೆ ಬಂತು. ಸಗಣಿ ತೂಕ ಹಾಕಿ ತಗೊಳ್ಳೋರು, ತಂದುಕೊಟ್ಟವರಿಗೆ ಕೆಜಿಗಿಷ್ಟು ಪೈಸೆ, ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರ ಸಗಣಿ ಕೊಟ್ಟವರಿಗೇ ವಾಪಸ್. ಲೆಕ್ಕ ನೋಡ್ತಿದ್ದದ್ದು ಊರಿನ ಗ್ರಾಮ ವಿಕಾಸ ಸಭೆ. ಸುಮಾರು ಹತ್ತು ವರ್ಷ ನಡೆದು ನಿಂತುಹೋಯ್ತು.

ನಿಂತುಹೋಯ್ತು ಅಂತ ಅದನ್ನ ಮರೀಬೇಡಿ. ಬೀದಿ ನಲ್ಲಿ ಹತ್ತಿರ ಬಿಂದಿಗೆ ಹಿಡಿದವಳನ್ನ ನಿನಗೆ ದನ ಎಷ್ಟಿದೆ ಅಂತ ಕೇಳುವ ಹಾಗಿರಲಿಲ್ಲ. ಗೊಬ್ಬರ ದನ ಇದ್ದವರಿಗೆ ಹೋಯ್ತು, ನೀರು ಊರಲ್ಲಿದ್ದವರಿಗೆಲ್ಲ ಬಂತು. ಪಾಲು ಹಂಚೋಕೆ ಹೀಗೂ ಒಂದು ದಾರಿ ಇದೆ ಅಂತ ನಮ್ಮ ತುಮಕೂರು ಜಿಲ್ಲೆಯ ಒಂದು ಹಳ್ಳಿಯೇ ತೋರಿಸಿಬಿಟ್ಟಿದೆ.

ಮೂರನೆಯದು ಪಾವಗಡ. ಅದೂ ನಮ್ಮ ಜಿಲ್ಲೆಯೇ.

ನಾಗಲಮಡಿಕೆ ಹೋಬಳಿಯ ತಿರುಮಣಿ ಸುತ್ತಮುತ್ತ ಐದು ಊರುಗಳ ಹೊಲ, ಸುಮಾರು 13,000 ಎಕರೆ. 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಹೆಸರು 'ಶಕ್ತಿಸ್ಥಳ'. ಭೂಮಿ ಕಿತ್ತುಕೊಳ್ಳಲಿಲ್ಲ, ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಭೂಸ್ವಾಧೀನದ ಹೆಸರಲ್ಲಿ ಜನ ಬೀದಿಗೆ ಬಿದ್ದಿದ್ದನ್ನ ನೋಡಿದ ನಮಗೆ ಇದು ಎಷ್ಟೋ ಒಳ್ಳೇದು ಅನ್ನಿಸಿದ್ದು ಸುಳ್ಳಲ್ಲ. ಮಳೆಯಿಲ್ಲದ ಸೀಮೆಯಲ್ಲಿ ಹತ್ತು ಎಕರೆ ಇದ್ದವನಿಗೆ ಶುರುವಿನ ದರದಲ್ಲೇ ಕೂತಲ್ಲಿಗೆ ವರ್ಷಕ್ಕೆ 2,10,000 ಬರ್ತಿತ್ತು.

ಅದೇ ಹೊಲದಲ್ಲಿ ಕಡಲೆಕಾಯಿ ಕಳೆ ಕೀಳ್ತಿದ್ದವಳಿಗೆ? ಗಿಡ ಕಿತ್ತು ಕಾಯಿ ಬಿಡಿಸ್ತಿದ್ದವಳಿಗೆ? ಬೀಳು ಹೊಲದಲ್ಲಿ ಮೇಕೆ ಮೇಯಿಸ್ತಿದ್ದವನಿಗೆ? ಸೊನ್ನೆ. ಬೇಲಿ ಹಾಕಿದ ದಿನವೇ ಅವರ ಕೂಲಿ ಹೋಯ್ತು. ಪ್ಯಾನೆಲ್ ಒರೆಸೋದು, ಹುಲ್ಲು ಕೀಳೋದು, ಸೆಕ್ಯುರಿಟಿ, ಇಷ್ಟರಲ್ಲಿ ಕೆಲವರಿಗೆ ಕೆಲಸ ಸಿಕ್ತು. ಉಳಿದವರಿಗೆ ಬೆಂಗಳೂರಿನ ಗಾರೆ ಕೆಲಸದ ದಾರಿ. ಶಿವನಸಮುದ್ರದ ಕರೆಂಟಿಗೆ ನಮ್ಮ ಮೈ ಬೇಕಿತ್ತು ಅಂದೆನಲ್ಲ, ಪಾವಗಡದ ಕರೆಂಟಿಗೆ ಅದೂ ಬೇಡ.

ನಾನು ಆಫೀಸಲ್ಲಿ ಗುಮಾಸ್ತ. ದಿನಾ ಕಾಗದದ ನಡುವೆ ಬದುಕೋನು, ಹಾಗಾಗಿ ಕಾಗದದ ಭಾಷೇಲಿ ಹೇಳ್ತೀನಿ. ಪಹಣಿ ತೆಗೆದು ನೋಡಿ. 9ನೇ ಕಾಲಂನಲ್ಲಿ ಮಾಲೀಕನ ಹೆಸರು ಇರ್ತದೆ. 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು, ಬೆಳೆ ಇರ್ತದೆ. ಕೂಲಿಯವಳಿಗೆ ಯಾವ ಕಾಲಂ? ಮೂವತ್ತು ವರ್ಷ ಅದೇ ಹೊಲದಲ್ಲಿ ಬೆನ್ನು ಬಗ್ಗಿಸಿದರೂ ಅವಳ ಹೆಸರು ಯಾವ ಕಾಲಂನಲ್ಲೂ ಇಲ್ಲ. ಗುತ್ತಿಗೆ ಪತ್ರ ಬರೆಯೋದು ಪಹಣಿ ನೋಡಿಕೊಂಡು. ಕಾಗದದಲ್ಲಿ ಇಲ್ಲದವಳಿಗೆ ನಷ್ಟವೂ ಆಗಿಲ್ಲ ಅಂತ ಲೆಕ್ಕ. ಬಗರ್‌ಹುಕುಂ ಉತ್ತು ಇನ್ನೂ ಸಾಗುವಳಿ ಚೀಟಿ ಕೈಗೆ ಬಾರದವನ ಕಥೆಯೂ ಅದೇ.

ಇದು ಸೋಲಾರ್ ಮಾಡಿದ ತಪ್ಪಲ್ಲ, ಇದರ ಬೇರು ಹಳೇದು. ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದಿದ್ದು 1974ರ ಮಾರ್ಚ್ 1. ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ಆದರೆ 7ನೇ ನಮೂನೆ ಅರ್ಜಿ ಹಾಕೋಕೆ ಗೇಣಿದಾರ ಆಗಿರಬೇಕಿತ್ತು. ನಮ್ಮವರಲ್ಲಿ ಬಹಳ ಜನ ಗೇಣಿದಾರರೂ ಆಗಿರಲಿಲ್ಲ, ಬರೀ ಜೀತದಾಳು, ಕೂಲಿಯಾಳು. ಉಳುವವನೇ ಹೊಲದೊಡೆಯ ಅಂದಾಗ ಕಳೆ ಕೀಳುವವಳನ್ನ ಯಾರೂ ಎಣಿಸಲಿಲ್ಲ. ಪಾವಗಡದ ಪಾರ್ಕ್ ಉದ್ಘಾಟನೆ ಆಗಿದ್ದು 2018ರ ಮಾರ್ಚ್ 1. ಸರಿಯಾಗಿ 44 ವರ್ಷ, ಅದೇ ತಾರೀಖು! ಕಾಕತಾಳೀಯ ಇರಬಹುದು. ಆದರೆ ಅವತ್ತು ಪಹಣಿಯಿಂದ ಹೊರಗುಳಿದವರ ಮಕ್ಕಳು ಮೊಮ್ಮಕ್ಕಳೇ ಇವತ್ತು ಬೇಲಿಯಿಂದ ಹೊರಗೆ ನಿಂತಿರೋದು.

ಈಗ ಬಾಬಾಸಾಹೇಬರ ಹತ್ತಿರ ಬರೋಣ. ಸಂವಿಧಾನ ಬರೆದವರು ಅಂತ ಎಲ್ಲರಿಗೂ ಗೊತ್ತು. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ದೇಶದ ವಿದ್ಯುತ್ ನೀತಿಯ ಹೊಣೆಯೂ ಅವರದ್ದೇ ಆಗಿತ್ತು ಅನ್ನೋದನ್ನ ನಮ್ಮವರೇ ಹೇಳಲ್ಲ. ಕರೆಂಟ್ ಅಗ್ಗವಾಗಿ, ಧಾರಾಳವಾಗಿ ಸಿಗದೆ ಕೈಗಾರಿಕೆ ಇಲ್ಲ, ಕೈಗಾರಿಕೆ ಇಲ್ಲದೆ ಹೊಲದ ಬಡತನದಿಂದ ಬಿಡುಗಡೆ ಇಲ್ಲ ಅನ್ನೋದು ಅವರ ನಿಲುವು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಇನ್ನೂ ಮುಂದೆ ಹೋದರು. ಭೂಮಿ ಸರ್ಕಾರದ್ದಾಗಲಿ, ಜಾತಿ ನೋಡದೆ ಊರಿನವರೆಲ್ಲ ಸೇರಿ ದುಡಿಯಲಿ, ಭೂಮಾಲೀಕ, ಗೇಣಿದಾರ, ಭೂಹೀನ ಅನ್ನುವ ಮೂರೂ ಹೆಸರು ಇಲ್ಲದಾಗಲಿ ಅಂದರು. ಆ ಮಾತು ಕೇಳಿದ್ದರೆ ಪಾವಗಡದ ಬಿಸಿಲಿನ ಬಾಡಿಗೆ ಇವತ್ತು ಐದೂರಿನ ಎಲ್ಲ ಮನೆಗೂ ಬರ್ತಿತ್ತು.

ಹಾಗಾದ್ರೆ ಈಗ ಏನು ಕೇಳಬೇಕು? ನನಗೆ ಕಂಡಷ್ಟು ಹೇಳ್ತೀನಿ.

1. ಸೋಲಾರ್‌ಗೆ ಗುತ್ತಿಗೆ ಪತ್ರ ಆಗುವ ಮೊದಲೇ ಆ ಊರಿನ ಭೂಹೀನ ಕೂಲಿಯವರ, ಕುರಿ ಮೇಕೆ ಕಾಯೋರ ಪಟ್ಟಿ ಆಗಬೇಕು. ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

2. ಮಾಲೀಕನಿಗೆ ಬಾಡಿಗೆ ಬರುವ ಹಾಗೆ ಕೂಲಿ ಕಳಕೊಂಡ ಮನೆಗೂ ವರ್ಷ ವರ್ಷ ಪಾಲು ಬರಬೇಕು. ಒಂದು ಸಲ ಕೊಟ್ಟು ಕೈತೊಳೆಯುವ ಪರಿಹಾರ ಬೇಡ.

3. ಪಾರ್ಕಿನ ಕೆಲಸದಲ್ಲಿ ನಮ್ಮ ಮಕ್ಕಳಿಗೆ ಒರೆಸುವ ಬಟ್ಟೆ ಮಾತ್ರ ಕೊಡಬೇಡಿ. ಐಟಿಐ, ಡಿಪ್ಲೊಮಾ ಮಾಡಿದವರಿಗೆ ಯಂತ್ರದ ಕೆಲಸ ಕೊಡಿ.

4. ಪರಿಶಿಷ್ಟರ ಉಪಯೋಜನೆಗೆ 2013ರಿಂದ ಕಾಯ್ದೆಯೇ ಇದೆ. ಆ ದುಡ್ಡಲ್ಲಿ ಕೇರಿಯ ಹೆಸರಲ್ಲೇ, ಹೆಣ್ಣುಮಕ್ಕಳ ಸಹಕಾರ ಸಂಘದ ಹೆಸರಲ್ಲೇ ಸೋಲಾರ್ ಘಟಕ ಯಾಕಾಗಬಾರದು? ಸ್ವಂತ ಚಾವಣಿ ಇದ್ದವರಿಗೆ ಮಾತ್ರ ಸಬ್ಸಿಡಿ ಅಂದರೆ ಶೀಟ್ ಮನೆಯವರು, ಬಾಡಿಗೆ ಮನೆಯವರು ಎಲ್ಲಿಗೆ ಹೋಗಬೇಕು?

ಕಲ್ಲಿದ್ದಲು ಒಂದಲ್ಲ ಒಂದು ದಿನ ಮುಗೀತದೆ. ಬಿಸಿಲು ಮುಗಿಯಲ್ಲ. ನೀರು ಮುಟ್ಟಿದರೆ ಮೈಲಿಗೆ ಅಂದ ಈ ದೇಶದಲ್ಲಿ ಬಿಸಿಲೊಂದು ನಮಗೂ ಬೇಕಾದಷ್ಟು ಸಿಕ್ಕಿತ್ತು, ಬೆನ್ನ ಮೇಲೆ. ಈಗ ಅದಕ್ಕೂ ಬೆಲೆ ಬಂದಿದೆ. ಬೆಲೆ ಬಂದ ಮೇಲೆ ಅದಕ್ಕೂ ಒಬ್ಬ ಯಜಮಾನ ಹುಟ್ಟುವ ಮೊದಲೇ ನಮ್ಮ ಹೆಸರು ಬರೆಸಬೇಕು.

ನಿಮ್ಮ ತಾಲ್ಲೂಕಲ್ಲಿ ಸೋಲಾರ್‌ಗೆ ಜಮೀನು ಕೇಳ್ತಿದ್ದರೆ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಕೂಲಿಯವರ ಪಟ್ಟಿ ಎಲ್ಲಿ? ಉತ್ತರ ಏನು ಕೊಟ್ಟರು ಅಂತ ನನಗೂ ತಿಳಿಸಿ.

ಜೈ ಭೀಮ್.